ಮೃತರ ಆಸ್ತಿಯ ಆಡಳಿತವೂ ನ್ಯಾಯಾಲಯದ ಅನುಜ್ಞೆಯೂ

ಪರರ ಧನವನ್ನು ಕಾಯುವುದು ಸ್ವಂತ ಧನವನ್ನು ಕಾಯುವುದಕ್ಕಿಂತ ಕಷ್ಟ. ಗತಿಸಿದವರ ಧನವನ್ನು ಕಾಯುವುದಾದರೋ ಅದಕ್ಕಿಂತಲೂ ಕಷ್ಟ. ಏಕೆಂದರೆ, ಹೀಗೆ ಮಾಡಲೇ ಎಂದು ಕೇಳಿದರೆ ಉತ್ತರ ಕೊಡತಕ್ಕ ಒಡೆಯನೇ ಇಲ್ಲ. ಬಂಧುವೊಬ್ಬರು ಮರಣಶಾಸನದಲ್ಲಿ ತನ್ನನ್ನು ನಿರ್ವಾಹಕನೆಂದು ಹೆಸರಿಸಿದರೆಂಬ ಅಭಿಮಾನದಿಂದ ಭಾರವನ್ನು ಹೊತ್ತ ಗೃಹಸ್ಥನು, ಸಂದೇಹ ಬಂದಾಗ ಯಾರನ್ನು ಕೇಳಬೇಕು? ಈ ತಿಂಗಳು ಇದನ್ನು ವಿಚಾರಮಾಡೋಣ.

ಧರ್ಮಸಂಶಯವುಂಟಾದಲ್ಲಿ ತಿಳಿದವರ ಪರಿಷತ್ತನ್ನು ಆಶ್ರಯಿಸಬೇಕೆಂದು ಮನುಸ್ಮೃತಿಯು ವಿಧಿಸಿದೆ. ಈಗ ಆ ಸ್ಥಾನದಲ್ಲಿ ನ್ಯಾಯಾಲಯವಿದೆ. ಮರಣಶಾಸನವು ಸಿದ್ಧಪಟ್ಟಿತೆಂದು ನ್ಯಾಯಾಲಯವು ಮುದ್ರೆಯೊತ್ತಿ ನಿರ್ವಾಹಕನಿಗೆ ಕೊಡುವ ಪ್ರತಿಗೆ ಪ್ರೊಬೇಟ್ ಎಂದು ಹೆಸರು. ಮರಣಶಾಸನವಾಗಲಿ ನಿರ್ವಾಹಕನಾಗಲಿ ಇಲ್ಲದಿದ್ದರೆ ಕೊಡುವುದು ಆಡಳಿತಪತ್ರ. ಇವುಗಳಲ್ಲೊಂದನ್ನು ಪಡೆದವನು ಅರ್ಜಿಮಾಡಿಕೊಂಡರೆ, 1925ನೆಯ ಇಸವಿಯ ಭಾರತೀಯ ಉತ್ತರಾಧಿಕಾರ ಕಾಯಿದೆಯ 302ನೆಯ ಪ್ರಕರಣದಂತೆ, ಆಸ್ತಿಯ ಆಡಳಿತದ ವಿಷಯವಾಗಿ ಹೈಕೋರ್ಟು ನಿರ್ದೇಶನಗಳನ್ನು ಕೊಡಬಹುದು.

ದೃಷ್ಟಾಂತಕ್ಕಾಗಿ ಹೀಗೆ ಭಾವಿಸೋಣ. ಕೊಳ್ಳೇಗಾಲದ ರೇಷ್ಮೆ ನೇಕಾರರೊಬ್ಬರು ಗತಿಸಿದರು. ಯಳಂದೂರಿನ ಗದ್ದೆ ಪತ್ನಿಯ ಜೀವನಕ್ಕೆಂದೂ, ಹನೂರಿನ ಹೊಲ ಎಳೆಯ ಮಗಳಿಗೆಂದೂ, ಆಕೆ ಪ್ರಾಪ್ತವಯಸ್ಕಳಾಗುವವರೆಗೆ ಹೊಲವನ್ನು ಮಾರಕೂಡದೆಂದೂ ಬರೆದಿಟ್ಟಿದ್ದಾರೆ. ನಿರ್ವಾಹಕರು ಮಗುವಿನ ಸೋದರಮಾವ. ನೂಲಿಗಾಗಿ ಮಾಡಿದ ಸಾಲವೋ ಬಾಗಿಲಲ್ಲಿ ನಿಂತಿದೆ. ಗದ್ದೆಯನ್ನು ಮಾರಿದರೆ ತಾಯಿಮಕ್ಕಳ ಅನ್ನಕ್ಕೆ ಕೊರತೆ, ಹೊಲವನ್ನು ಮಾರಿದರೆ ಮೃತರ ಮಾತಿಗೆ ಭಂಗ, ಸುಮ್ಮನಿದ್ದರೆ ಬಡ್ಡಿ. ಸಾಲ ತೀರಿಸಿದ ಮೇಲೆಯೇ ದಾನಭಾಗಗಳೆಂಬುದು ಕಾಯಿದೆಯ ಕಟ್ಟಳೆ.

ಇಂಥಲ್ಲಿ ಮಾವನು ಮೊದಲು ಮಾರಿ ಆಮೇಲೆ ಸಮಾಧಾನ ಹೇಳಕೂಡದು. ಮೃತರು ಹಿಂದುಗಳಾಗಿದ್ದು ಮರಣಶಾಸನದಲ್ಲಿ ನಿಷೇಧವಿದ್ದಾಗ, ಪ್ರೊಬೇಟ್ ಪಡೆದು, ಅದನ್ನು ಕೊಟ್ಟ ನ್ಯಾಯಾಲಯದಿಂದಲೇ ಲಿಖಿತ ಅನುಜ್ಞೆಯನ್ನು ಪಡೆದರೆ, ನಿಷೇಧವಿದ್ದರೂ ಸ್ಥಿರಾಸ್ತಿಯನ್ನು ಮಾರಬಹುದೆಂದು 307ನೆಯ ಪ್ರಕರಣವು ಹೇಳುತ್ತದೆ. ಆಡಳಿತಪತ್ರವುಳ್ಳವನಂತೂ ಅನುಜ್ಞೆಯಿಲ್ಲದೆ ಸ್ಥಿರಾಸ್ತಿಯನ್ನು ಮಾರಲಾರನು, ಅಡವಿಡಲಾರನು, 5 ವರ್ಷ ಮೀರಿ ಗುತ್ತಿಗೆಗೂ ಕೊಡಲಾರನು. ಮೀರಿ ನಡೆದರೆ, ಹಕ್ಕುಳ್ಳವರು ಆ ಕ್ರಯವನ್ನು ರದ್ದುಮಾಡಿಸಬಹುದು. ಆಸ್ತಿಗೆ ನಷ್ಟವಾದರೆ ಕೈಯಿಂದ ತುಂಬಿಕೊಡುವ ಹೊಣೆಯೂ ಉಂಟು.

ಎಲ್ಲವನ್ನೂ ನ್ಯಾಯಾಲಯದ ಮೇಲೆ ಹೊರಿಸಲೂ ಆಗದು. ಮಿತಾಕ್ಷರೆಯನ್ನು ಅನುಸರಿಸುವ ಮನೆಗಳಲ್ಲಿ, ಇದು ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬ ಜಗಳವೆದ್ದರೆ, ಅದಕ್ಕೆ ಸಾಕ್ಷ್ಯಸಹಿತವಾದ ದಾವೆಯೇ ದಾರಿ. ಮಗುವಿನ ಭಾಗವನ್ನು ಟ್ರಸ್ಟಿಯಾಗಿ ಕಾಯುವವನು 1882ನೆಯ ಇಸವಿಯ ಟ್ರಸ್ಟ್ ಕಾಯಿದೆಯ 34ನೆಯ ಪ್ರಕರಣದಂತೆ ಸಿವಿಲ್ ನ್ಯಾಯಾಲಯದ ಸಲಹೆಯನ್ನು ಬೇಡಬಹುದು. ಅಲ್ಲಿಯೂ ಜಟಿಲವಾದ ವಿವಾದಗಳಿಗೆ ಎಡೆಯಿಲ್ಲ. ಆದರೆ ಸಂಗತಿಗಳನ್ನು ಸದ್ಭಾವದಿಂದ ತಿಳಿಸಿ, ದೊರೆತ ಸಲಹೆಯಂತೆ ನಡೆದವನು ತನ್ನ ಕರ್ತವ್ಯವನ್ನು ತೀರಿಸಿದಂತೆಯೇ. ಇದಕ್ಕಿಂತ ದೊಡ್ಡ ಅಭಯವುಂಟೆ?

ನಮ್ಮ ಸೀಮೆಯವರಿಗೆ ಇನ್ನೊಂದು ಮಾತು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೂ ಅದಕ್ಕೆ ಸೇರಿದ್ದ ಹನೂರೂ ಕೊಯಮತ್ತೂರು ಜಿಲ್ಲೆಯಲ್ಲಿದ್ದುವು. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿದ್ದ ಯಳಂದೂರು ಮೈಸೂರಿಗೆ ಸೇರಿತ್ತು. 1997ರಿಂದ ಈ ಸೀಮೆಯೆಲ್ಲ ಚಾಮರಾಜನಗರ ಜಿಲ್ಲೆಗೆ ಸೇರಿದ್ದರೂ, ಹಳೆಯ ಪತ್ರಗಳು ಎರಡು ಆಡಳಿತಗಳ ಕ್ರಮದಲ್ಲಿರುವುದುಂಟು. ಪ್ರೊಬೇಟ್ ದೊರೆತ 6 ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಒಂದು ವರ್ಷದೊಳಗೆ ಲೆಕ್ಕವನ್ನೂ ಒಪ್ಪಿಸಬೇಕಾದುದರಿಂದ, ಪತ್ರಗಳನ್ನು ಮೊದಲೇ ಕೂಡಿಸಿಟ್ಟುಕೊಳ್ಳತಕ್ಕದ್ದು.

ಗೃಹಸ್ಥರೇ, ಕೇಳುವುದು ಅವಿಶ್ವಾಸದ ಲಕ್ಷಣವೆಂದು ಬಂಧುಗಳು ಮುನಿಯಬಹುದು. ಮುನಿಯಲಿ. ಇಂದು ಮಾತನಾಡಲರಿಯದ ಆ ಮಗು ನಾಳೆ ಬೆಳೆದು ಲೆಕ್ಕ ಕೇಳಿದಾಗ, ಕೈಯಲ್ಲಿರಬೇಕಾದುದು ನೆಪವಲ್ಲ, ನ್ಯಾಯಾಲಯದ ಆಜ್ಞೆಯ ಪ್ರತಿ.