ಅಜ್ಜನ ಪೆನ್ಷನ್, ಮೊಮ್ಮಗನ ಪರೇಡ್: ಹೆಮ್ಮೆ ಅದೇ, ಲೆಕ್ಕ ಬೇರೆ

ಬೆಳಗಾವಿ: ಹಳ್ಳಿಯ ಹುಡುಗ ಸೈನ್ಯದ ತರಬೇತಿ ಮುಗಿಸಿ ರಜೆಗೆ ಬಂದ ಅಂದ್ರೆ ಬಸ್ ಸ್ಟ್ಯಾಂಡಿನಿಂದಲೇ ಮೆರವಣಿಗೆ. ಡೊಳ್ಳು, ಹಾರ, ಸರ್ಕಲ್‌ನಲ್ಲಿ ಬ್ಯಾನರ್. ಅಜ್ಜನೂ ಮಾಜಿ ಸೈನಿಕರಾಗಿದ್ದರೆ ಬ್ಯಾನರಿನಲ್ಲಿ ಅವರದ್ದೂ ಒಂದು ಫೋಟೊ. ಈ ಸಂಭ್ರಮದಲ್ಲಿ ತಪ್ಪೇನೂ ಇಲ್ಲ. ಆದರೆ ಅಜ್ಜ ಮಾಡಿದ ನೌಕರಿಯೇ ಬೇರೆ, ಮೊಮ್ಮಗ ಸೇರಿರುವ ನೌಕರಿಯೇ ಬೇರೆ. ಇದನ್ನು ಮನೆಯವರೂ ಪೇಟೆಯವರೂ ಈಗಲೇ ತಿಳ್ಕೊಳ್ಳೋದು ಒಳ್ಳೇದು.

ಹೆಮ್ಮೆಗೆ ಕಾರಣ ಇದೆ

ಭೂಸೇನೆಯ ಅಗ್ನಿವೀರರಿಗೆ ಸುಮಾರು 31 ವಾರಗಳ ತರಬೇತಿ. ಓಟ, ಡ್ರಿಲ್, ಬಂದೂಕು, ರಾತ್ರಿ ಕಾವಲು ಎಲ್ಲ ಮುಗಿದ ಮೇಲೆ ಕಸಂ ಪರೇಡ್. ಅಲ್ಲಿ ರಾಷ್ಟ್ರಧ್ವಜದ ಎದುರು ಪ್ರಮಾಣ ಮಾಡಿದ ಮೇಲೇ ರಂಗರೂಟ ಸೈನಿಕನಾಗೋದು. ಕೆಲವು ರೆಜಿಮೆಂಟ್ ಕೇಂದ್ರಗಳಲ್ಲಿ ತಂದೆ-ತಾಯಿಗೂ 'ಗೌರವ ಪದಕ' ತೊಡಿಸ್ತಾರೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದಲ್ಲಿ ಪರೇಡ್ ಇದ್ದ ದಿನ ಕ್ರೂಸರ್ ಮಾಡಿಕೊಂಡು ಬರುವ ಕುಟುಂಬಗಳನ್ನು ಕ್ಯಾಂಪ್ ಭಾಗದವರು ನೋಡೇ ಇರ್ತಾರೆ. ಹದಿನೆಂಟು ಇಪ್ಪತ್ತರ ಹುಡುಗ ಆ ಸಾಲಿನಲ್ಲಿ ನೆಟ್ಟಗೆ ನಿಂತಿದ್ದನ್ನು ಕಂಡು ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡರೆ ಅದು ಸಹಜ.

ಲೆಕ್ಕ ಬದಲಾಗಿದ್ದು ಎಲ್ಲಿ?

ಅಜ್ಜನ ಕಾಲದಲ್ಲಿ ಜವಾನ ಕನಿಷ್ಠ 15 ವರ್ಷ ಸೇವೆ ಮಾಡಿದರೆ ಜೀವನಪೂರ್ತಿ ಪೆನ್ಷನ್. ಅವರ ನಂತರ ಹೆಂಡತಿಗೆ ಕುಟುಂಬ ಪಿಂಚಣಿ. ಮಿಲಿಟರಿ ಕ್ಯಾಂಟೀನ್ ಇತ್ತು, 2003ರಿಂದ ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯವೂ ಬಂತು.

2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ 4 ವರ್ಷ. ಮೊದಲ ವರ್ಷ ತಿಂಗಳ ಪ್ಯಾಕೇಜ್ 30,000 ರೂಪಾಯಿ, ಕೈಗೆ ಸಿಗೋದು 21,000. ನಾಲ್ಕನೇ ವರ್ಷ 40,000, ಕೈಗೆ 28,000. ಪ್ರತಿ ತಿಂಗಳು ಕಡಿತವಾಗುವ ಶೇ.30ಕ್ಕೆ ಸರ್ಕಾರ ಅಷ್ಟೇ ಸೇರಿಸುತ್ತದೆ. ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂ. 'ಸೇವಾ ನಿಧಿ', ಅದಕ್ಕೆ ಆದಾಯ ತೆರಿಗೆ ಇಲ್ಲ. ಸೇವೆಯಲ್ಲಿರುವಾಗ 48 ಲಕ್ಷದ ವಿಮೆಯೂ ಉಂಟು.

ಕಾಯಂ ಆಗೋದು ಮಾತ್ರ ಶೇ.25ರವರೆಗೆ. ಉಳಿದವರಿಗೆ ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ. ಮಾಜಿ ಸೈನಿಕ ಅನ್ನುವ ಸ್ಥಾನಮಾನ, ಕ್ಯಾಂಟೀನ್, ಇಸಿಎಚ್‌ಎಸ್ ಕೂಡ ಇಲ್ಲ. ಅಂದರೆ ನಾಲ್ವರು ಹೋದರೆ ಮೂವರು 22ರಿಂದ 25ರ ವಯಸ್ಸಿಗೆ ವಾಪಸ್ ಊರಿಗೆ. 2022ರ ಕೊನೆ, 2023ರ ಆರಂಭದಲ್ಲಿ ಸೇರಿದ ಮೊದಲ ತಂಡಗಳ ಅವಧಿ 2026ರ ಕೊನೆಯಿಂದ ಮುಗಿಯುತ್ತಾ ಬರುತ್ತದೆ.

ಅಂಗಡಿಯವರಿಗೆ ಇದರಿಂದ ಏನು?

'ಪೆನ್ಷನ್ ಬರೋ ಮನಿ' ಅಂದರೆ ಕಿರಾಣಿ ಅಂಗಡಿಯಲ್ಲಿ ಉದ್ರಿಗೆ ಯಾರೂ ಹಿಂದೆಮುಂದೆ ನೋಡಲ್ಲ. ತಿಂಗಳ ಮೊದಲ ವಾರ ಖಾತೆ ಚುಕ್ತಾ ಆಗ್ತದೆ ಅನ್ನೋ ನಂಬಿಕೆ. ಅದೇ ನಂಬಿಕೆ ಮೇಲೆ ಮಗಳ ಮದುವೆಯ ಬಂಗಾರ, ಮನೆ ಕಟ್ಟೋ ಸಿಮೆಂಟ್, ಎಲ್ಲಾ ಸಾಲದಲ್ಲಿ ಸಾಗಿದೆ. ಮೊಮ್ಮಗನ ಮನೆಗೆ ತಿಂಗಳ ದುಡ್ಡು ನಾಲ್ಕು ವರ್ಷ ಮಾತ್ರ ಗ್ಯಾರಂಟಿ. ಆಮೇಲೆ ಬರೋದು ಒಂದೇ ಗಂಟು. ಅದು ಬರುವ ಮೊದಲೇ ಟ್ರ್ಯಾಕ್ಟರ್, ಬೈಕ್, ಸೈಟ್ ಅಂತ ಮಾತು ಕೊಟ್ಟರೆ ಗಂಟು ಕರಗೋಕೆ ಆರು ತಿಂಗಳು ಸಾಕು.

ಈಗಲೇ ಮಾಡಬೇಕಾದ್ದು

ಹತ್ತನೇ ತರಗತಿ ಮುಗಿಸಿ ಸೇರಿದವರಿಗೆ ಎನ್‌ಐಒಎಸ್ ಮೂಲಕ 12ನೇ ತರಗತಿ ಪ್ರಮಾಣಪತ್ರಕ್ಕೆ, ಪಿಯುಸಿ ಆದವರಿಗೆ ಇಗ್ನೋ ಪದವಿಗೆ ದಾರಿ ಇದೆ. ಸೇವೆಯಲ್ಲಿದ್ದಾಗಲೇ ಅದನ್ನು ಮುಗಿಸುವಂತೆ ಮನೆಯವರು ಫೋನ್ ಮಾಡಿದಾಗೆಲ್ಲ ನೆನಪಿಸಲಿ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಶೇ.10 ಮೀಸಲಾತಿಯನ್ನು 2022ರಲ್ಲೇ ಘೋಷಿಸಲಾಗಿದೆ. ಅದಕ್ಕೂ ಪರೀಕ್ಷೆ, ಅರ್ಜಿ, ದಾಖಲೆ ಬೇಕು, ತಯಾರಿ ಮೂರನೇ ವರ್ಷದಲ್ಲೇ ಶುರುವಾಗಲಿ. ಸೇವಾ ನಿಧಿಯ ದುಡ್ಡಿಗೆ ಕೈ ಹಾಕುವ ಮೊದಲು ಬ್ಯಾಂಕ್ ಮ್ಯಾನೇಜರ್ ಜೊತೆ ಕೂತು ಮಾತಾಡಲಿ.

ಊರಿನ ವ್ಯಾಪಾರಿಗಳಿಗೂ ಒಂದು ಮಾತು. ವಾಪಸ್ ಬರುವ ಹುಡುಗರು ಸಮಯಕ್ಕೆ ಸರಿಯಾಗಿ ಬರೋರು, ಹೇಳಿದ ಕೆಲಸ ಮುಗಿಸೋರು. ಗೋದಾಮು, ಸಾರಿಗೆ, ಪೆಟ್ರೋಲ್ ಬಂಕ್, ಶೋರೂಮ್ ನಡೆಸುವವರು ಇಂಥವರಿಗಾಗಿ ಹುಡುಕ್ತಾ ಇರ್ತೀರಿ. ಇವತ್ತು ಹಾರ ಹಾಕಿದ ಹುಡುಗ ನಾಲ್ಕು ವರ್ಷದ ಮೇಲೆ ಕೆಲಸ ಕೇಳ್ಕೊಂಡು ಅಂಗಡಿ ಬಾಗಿಲಿಗೆ ಬಂದರೆ, ಒಳಗೆ ಕರೆದು ಕೂರಿಸಿ ಮಾತಾಡ್ರಿ.