ಮೂರು ನಿಮಿಷದ ಕಚೇರಿ

ಗ್ರಾಮಫೋನಿನ ಹಳೆಯ ಕಪ್ಪು ತಟ್ಟೆಯನ್ನು ಜನ ಅರಗಿನ ತಟ್ಟೆಯೆಂದು ಕರೆಯುವುದುಂಟು. ವಾಸ್ತವದಲ್ಲಿ ಅದರಲ್ಲಿ ಅರಗಿಗಿಂತ ಕಲ್ಲೇ ಹೆಚ್ಚು. ಒಂದು ಪಾಲು ಅರಗಿಗೆ ಹೆಚ್ಚುಕಡಿಮೆ ಎರಡು ಪಾಲು ಸ್ಲೇಟಿನದೋ ಸುಣ್ಣಕಲ್ಲಿನದೋ ನುಣುಪಾದ ಪುಡಿ, ಅದಕ್ಕೊಂದಿಷ್ಟು ಹತ್ತಿಯ ಎಳೆ, ಬಣ್ಣಕ್ಕೆ ಮಸಿ. ಇಷ್ಟನ್ನೂ ಕಾಯಿಸಿ ಅಚ್ಚಿನಲ್ಲಿ ಒತ್ತಿದರೆ ಹಾಡು. ಈ ಮಾತನ್ನು ಬೇರೆ ಊರವರಿಗೆ ಹೇಳಿದರೆ ತಲೆದೂಗಿ ಸುಮ್ಮನಾಗುತ್ತಾರೆ. ಶಹಾಬಾದಿನವರಿಗೆ ಹೇಳಿದರೆ ನಗುತ್ತಾರೆ. ನಾವು ಕಲ್ಲಿನ ಸೀಮೆಯವರು. ಮನೆಯ ನೆಲಕ್ಕೆ ಫರಸಿ, ಗೋಡೆಗೆ ಫರಸಿ, ಬಡವನ ಮಾಳಿಗೆಗೂ ಫರಸಿ, ಉಳಿದದ್ದು ಸಿಮೆಂಟಿನ ಗೂಡಿಗೆ. ಕಲ್ಲಿಗೆ ಹಾಡಲು ಕಲಿಸುವ ವಿದ್ಯೆ ಮಾತ್ರ ಹೊರಗಿನಿಂದ ಬರಬೇಕಾಯಿತು.

ಅದು ಬಂದ ಬಗೆಯೂ ಸ್ವಾರಸ್ಯವಾದದ್ದೇ. 1902ರಲ್ಲಿ ಗೈಸ್‌ಬರ್ಗ್ ಎಂಬಾತ ಲಂಡನ್ನಿನಿಂದ ಕಲ್ಕತ್ತೆಗೆ ಬಂದು ಗೋಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಧ್ವನಿಯನ್ನು ಮುದ್ರಿಸಿಕೊಂಡು ಹೋದನು. ಆಕೆ ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಾಳೆ. ಮೊದಲ ಸಲ ಕೇಳಿದವರಿಗೆ ಇದು ಅಹಂಕಾರವೆಂದು ತೋರಬಹುದು. ಆದರೆ ತಟ್ಟೆಗಳು ಅಚ್ಚಾಗುತ್ತಿದ್ದುದು ಆಗ ಜರ್ಮನಿಯ ಹ್ಯಾನೋವರಿನಲ್ಲಿ. ಹಿಂದೂಸ್ತಾನದ ಯಾವ ದನಿ ಯಾರದೆಂದು ಅಲ್ಲಿಯ ಕೆಲಸಗಾರನಿಗೆ ತಿಳಿಯುವ ಬಗೆ ಹೇಗೆ? 1908ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆಯಾದ ಮೇಲೆ ಈ ಪೇಚಾಟ ತಪ್ಪಿತು.

ಹತ್ತಂಗುಲದ ತಟ್ಟೆ; ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು; ಒಂದು ಮಗ್ಗುಲಿಗೆ ಮೂರು, ಬಹಳವೆಂದರೆ ಮೂರೂವರೆ ನಿಮಿಷ. ಸಂಗೀತಗಾರರಿಗೆ ಇದು ದೊಡ್ಡ ಸಂಕಟವಾಗಿತ್ತು. ಒಂದು ಗಂಟೆ ಬೆಳೆಸುವ ಖ್ಯಾಲನ್ನು ಮೂರು ನಿಮಿಷಕ್ಕೆ ಇಳಿಸುವುದೆಂದರೆ ತೇರನ್ನು ಗೂಡಿನಲ್ಲಿ ಇಟ್ಟಂತೆ. ಆದರೂ ಅದನ್ನು ಸಾಧಿಸಿದವರಿದ್ದರು. ನಮ್ಮ ಮಲ್ಲಿಕಾರ್ಜುನ ಮನ್ಸೂರರು ಎಚ್.ಎಂ.ವಿ. ಕಂಪನಿಗೆ ಹಾಡಿದ್ದಲ್ಲದೆ ಅದರ ಸಂಗೀತ ನಿರ್ದೇಶಕರೂ ಆಗಿದ್ದವರು. ಕನ್ನಡ ಸಾಹಿತ್ಯವನ್ನು ಪಾಠ ಹೇಳುವ ನನಗೆ ಈ ಕಟ್ಟು ಅಷ್ಟೇನೂ ಕ್ರೂರವೆಂದು ತೋರುವುದಿಲ್ಲ. ವಚನವೂ ತ್ರಿಪದಿಯೂ ಮೂರು ನಿಮಿಷವನ್ನು ಎಂದು ಬೇಡಿದ್ದವು? ರಗಳೆ ಬರೆಯುವವರು ತಟ್ಟೆಯನ್ನು ಬೈಯಲಿ.

ಈ ತಟ್ಟೆಗಳನ್ನು ಕೂಡಿಹಾಕುವ ಗೀಳು ನನಗೆ ಹತ್ತಿ ಹದಿನೈದು ವರ್ಷವಾಯಿತು. ಬೆಂಗಳೂರು, ಮುಂಬಯಿಗಳ ಸಂಗ್ರಾಹಕರಿಗೆ ಅಂಗಡಿಗಳುಂಟು. ನನಗಿರುವುದು ಭಾನುವಾರದ ಬಸ್ಸು ಮತ್ತು ಪ್ಯಾಸೆಂಜರ್ ರೈಲು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದು, ಚಿಂಚೋಳಿ, ಇಷ್ಟೇ ನನ್ನ ರಾಜ್ಯ. ಇದು ಸಣ್ಣ ರಾಜ್ಯವೆಂದು ಎಣಿಸಬೇಡಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದಂದಿನಿಂದ ಮುಂಬಯಿಯ ಸರಕೂ ಹೈದರಾಬಾದಿನ ಸರಕೂ ಕೈಕುಲುಕುವ ಜಾಗ ಇದು. ತಟ್ಟೆಗಳೂ ಹಾಗೆಯೇ ಬಂದವು. ಮರಾಠಿ ನಾಟ್ಯಗೀತೆ ಮುಂಬಯಿಯ ಗಾಡಿಯಲ್ಲಿ, ಗಜಲು ಹೈದರಾಬಾದಿನ ಗಾಡಿಯಲ್ಲಿ. ಚಿಂಚೋಳಿಗೆ ಮಾತ್ರ ರೈಲಿಲ್ಲ. ಅಲ್ಲಿಗೆ ಹೋದ ತಟ್ಟೆ ಗಾಡಿಯ ಹುಲ್ಲಿನಲ್ಲಿ ಹುದುಗಿ ಹೋಗಿರಬೇಕು; ಅದಕ್ಕೇ ಇರಬಹುದು, ನನಗೆ ಅಲ್ಲಿ ಸಿಕ್ಕಷ್ಟು ಒಡಕಿಲ್ಲದ ತಟ್ಟೆಗಳು ಬೇರೆಲ್ಲಿಯೂ ಸಿಕ್ಕಿಲ್ಲ.

ಯಾವುದೇ ಹಳೆಯ ಮನೆಯ ಪೆಟ್ಟಿಗೆ ತೆರೆಯಿರಿ, ಒಂದೇ ಭಾಷೆ ಇರುವುದಿಲ್ಲ. ಸೇಡಮ್ಮಿನ ಒಂದು ಲಿಂಗಾಯತರ ಮನೆಯಲ್ಲಿ, 1951ರ ‘ಪಾತಾಳ ಭೈರವಿ’ಯ ಘಂಟಸಾಲರ ಕೆಳಗೆ, 1958ರ ‘ಅಲ್ ಹಿಲಾಲ್’ ಚಿತ್ರಕ್ಕೆ ಇಸ್ಮಾಯಿಲ್ ಆಜಾದರು ಹಾಡಿ ಊರೂರು ಕುಣಿಸಿದ ಕವ್ವಾಲಿ ಇತ್ತು. ಅದರ ಕೆಳಗೆ ಪಿ. ಕಾಳಿಂಗರಾಯರು. ಒಂದರ ಮೇಲೊಂದು, ಜಗಳವಿಲ್ಲದೆ. ಕನ್ನಡದ್ದು ಕಡಮೆ ಎಂಬುದನ್ನೂ ಹೇಳಬೇಕು. ‘ಕವಿರಾಜಮಾರ್ಗ’ ಹುಟ್ಟಿದ ಮಳಖೇಡ ಸೇಡಮ್ಮಿನಿಂದ ಕೂಗಳತೆಯ ದೂರ. ಆ ನೆಲದಲ್ಲಿ ಕನ್ನಡದ ತಟ್ಟೆಯನ್ನು ದೀಪ ಹಚ್ಚಿ ಹುಡುಕಬೇಕು. 1948ರವರೆಗೆ ನಿಜಾಮರ ಆಳ್ವಿಕೆ, ಶಾಲೆ ಕಚೇರಿಗಳಲ್ಲೆಲ್ಲ ಉರ್ದು. ಗುಲ್ಬರ್ಗಕ್ಕೆ ಆಕಾಶವಾಣಿ ಬಂದದ್ದು 1966ರಲ್ಲಿ. ಕನ್ನಡದ ಹಾಡು ಬೇಕೆಂದವನು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ ನೆಂಟನಿಗೆ ಹೇಳಿ ತರಿಸಬೇಕಾಗಿತ್ತು.

ಹೀಗಿದ್ದೂ ಕನ್ನಡದ ಕೊರಳು ಈ ಪೆಟ್ಟಿಗೆಗಳಲ್ಲಿ ವೇಷ ಮರೆಸಿಕೊಂಡು ಕುಳಿತಿರುವುದುಂಟು. ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯ ಅಮೀರಬಾಯಿಯವರನ್ನು ನೆನೆಯಿರಿ. 1943ರ ‘ಕಿಸ್ಮತ್’ ಚಿತ್ರದಲ್ಲಿ ಪ್ರದೀಪ್ ಕವಿ ಬರೆದ ದೇಶಭಕ್ತಿಯ ಹಾಡನ್ನು ಖಾನ್ ಮಸ್ತಾನಾರೊಡನೆ ಹಾಡಿದವರು ಇವರೇ. ಹೊರಕ್ಕೆ ಜರ್ಮನಿ ಜಪಾನುಗಳ ಹೆಸರು ಹೇಳಿ ಸೆನ್ಸಾರಿನ ಕಣ್ಣು ತಪ್ಪಿಸಿದ ಆ ಹಾಡಿನ ಬಾಣ ಯಾರಿಗೆ ಗುರಿಯೆಂಬುದು ಕೇಳಿದವರಿಗೆಲ್ಲ ತಿಳಿದಿತ್ತು. ತಟ್ಟೆಯ ನಡುವಣ ಚೀಟಿಯಲ್ಲಿ ‘ಕರ್ನಾಟಕಿ’ ಎಂಬ ಆ ಹೆಸರು ಓದಿದಾಗಲೆಲ್ಲ ನನಗೆ, ಪರದೇಶದ ಸ್ಟೇಶನ್ನಿನಲ್ಲಿ ನಮ್ಮೂರವರು ಕಂಡಂತಾಗುತ್ತದೆ.

ನನ್ನ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮಿಗಿಲಾದದ್ದು ಯಾವುದೆಂದು ಕೇಳುವ ಮಿತ್ರರಿಗೆ ನಾನು ತೋರಿಸುವುದು ಗಂಗೂಬಾಯಿ ಹಾನಗಲ್ಲರ ಒಂದು ತಟ್ಟೆ. 1930ರ ದಶಕದ ಈ ತಟ್ಟೆಗಳ ಮೇಲೆ ಅವರ ಹೆಸರು ‘ಗಾಂಧಾರಿ’ ಎಂದಿರುತ್ತದೆ. ನಾವೆಲ್ಲರೂ ಬಲ್ಲ ಗಂಗೂಬಾಯಿಯವರ ಕಂಠ ಗಂಡುಕೊರಳಿನಂಥ, ಗಂಭೀರವಾದ ಕಂಠ. ತಟ್ಟೆಯ ಮೇಲಿನದು ತೆಳುವಾದ, ಮೇಲು ಶ್ರುತಿಯ, ಎಳೆಯ ಹುಡುಗಿಯ ದನಿ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಆ ಮೊದಲ ಕಂಠ ಅವರನ್ನು ಬಿಟ್ಟುಹೋಯಿತು. ತೊಂಬತ್ತಾರು ವರ್ಷ ಬಾಳಿ 2009ರಲ್ಲಿ ತೀರಿಕೊಂಡ ಆ ತಾಯಿ ಎರಡನೆಯ ಕಂಠದಿಂದಲೇ ಜಗತ್ತನ್ನು ಗೆದ್ದರು. ಮೊದಲನೆಯದು ಅವರಲ್ಲಿಯೂ ಇರಲಿಲ್ಲ. ಇದ್ದದ್ದು ಈ ಕಲ್ಲಿನ ತಟ್ಟೆಯಲ್ಲಿ.

ಬೇರೆ ನಾಡುಗಳಲ್ಲಿ ಈ ತಟ್ಟೆಗಳ ಕಾಲ 1960ರ ಹೊತ್ತಿಗೆ ಮುಗಿಯಿತು. ನಮ್ಮಲ್ಲಿ ಆ ದಶಕದ ಕೊನೆಯವರೆಗೂ ನಡೆಯಿತು, ಏಕೆಂದರೆ ಚಾವಿ ಕೊಟ್ಟು ನುಡಿಸುವ ಯಂತ್ರಕ್ಕೆ ವಿದ್ಯುತ್ತು ಬೇಡ. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಅವರ ದೇಶದಲ್ಲಿ ಹಗುರವಾದ ಹೊಸ ತಟ್ಟೆಗಳ ಮೇಲೆ ಬರುತ್ತಿದ್ದಾಗ ಭಾರತದಲ್ಲಿ ಎಪ್ಪತ್ತೆಂಟು ಸುತ್ತಿನ ಅಜ್ಜನ ಕಾಲದ ತಟ್ಟೆಯ ಮೇಲೂ ಬಂದವು. ಈಗ ಅವುಗಳಿಗೆ ಪರದೇಶದ ಶ್ರೀಮಂತರು ಬಾಯಿ ಬಾಯಿ ಬಿಡುತ್ತಾರಂತೆ. ನಮ್ಮ ಕಡೆ ಅಂಥದೊಂದು ಸಿಕ್ಕೀತೆಂಬ ಆಸೆ ನನಗಿಲ್ಲ. ಸಿಕ್ಕರೆ ಮಾರಿ ಮಗಳಿಗೆ ಸೈಕಲ್ಲು ಕೊಡಿಸುತ್ತೇನೆ.

ಹೋದ ವರ್ಷ ಸೇಡಮ್ಮಿನಿಂದ ಕರೆ ಬಂದಿತು. ಮನೆಯ ಯಜಮಾನರು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರರಾಗಿದ್ದವರು. ಸಂಬಳವಾದಾಗೊಮ್ಮೆ ಒಂದು ತಟ್ಟೆ ತರುವ ರೂಢಿ ಇಟ್ಟುಕೊಂಡಿದ್ದರಂತೆ. ಅವರು ತೀರಿಕೊಂಡು ಬಹಳ ಕಾಲವಾಗಿದೆ. ಯಂತ್ರ ಕೆಟ್ಟು ಗುಜರಿಗೆ ಹೋಯಿತು. ತಟ್ಟೆಗಳು ಟ್ರಂಕಿನಲ್ಲಿ ಉಳಿದವು. ಮಗ ನನ್ನನ್ನು ಕುಳ್ಳಿರಿಸಿ, “ಸರ, ಇವಕ್ಕ ಗುಜರಿಯವ ಸೈತ ರೊಕ್ಕ ಕೊಡಂಗಿಲ್ರಿ. ನೀವರೆ ಒಯ್ದುಬಿಡ್ರಿ,” ಎಂದರು. ಮೊಮ್ಮಗ ತನ್ನ ಫೋನಿನಲ್ಲಿ ಕಾಳಿಂಗರಾಯರ ಅದೇ ಹಾಡನ್ನು ಹಾಕಿ, “ಅಜ್ಜಿ, ಕೇಳು, ಎಷ್ಟ್ ಛಂದ ಕೇಳಸ್ತದ,” ಎಂದು ಮುದುಕಿಯ ಕಿವಿಗೆ ಹಿಡಿದನು. ಎಂಬತ್ತು ದಾಟಿದ ಆ ತಾಯಿ ಪೂರ್ತಿ ಕೇಳಿ ನನ್ನ ಕಡೆ ತಿರುಗಿದರು.

“ತಮ್ಮಾ, ಇದು ನಮ್ಮದಲ್ಲ. ನಮ್ಮದರಾಗ ನಡಕ ಒಂದ್ ಕಡೆ ಟಿಕ್ ಟಿಕ್ ಅಂತಿತ್ತು. ಅದು ಬಂದ ಕೂಡಲೆ ಅವರು ನಗ್ತಿದ್ರು.”

ಟ್ರಂಕಿನಲ್ಲಿ ಒಂದೆರಡು ತಟ್ಟೆಗಳು ನನಗೆ ಬಹು ದಿನಗಳಿಂದ ಬೇಕಾಗಿದ್ದವು. ಅಷ್ಟೂ ತಟ್ಟೆಗಳನ್ನು ಟ್ರಂಕಿಗೇ ಮರಳಿಸಿ ಎದ್ದುಬಂದೆ. ಮುಂದಿನ ಭಾನುವಾರ ನನ್ನ ಯಂತ್ರವನ್ನೇ ಚೀಲದಲ್ಲಿ ಹಾಕಿಕೊಂಡು ಸೇಡಮ್ಮಿನ ಗಾಡಿ ಹತ್ತಿದೆ. ಸೀಳು ಬಿಟ್ಟಿದ್ದ ಆ ತಟ್ಟೆಗೆ ಹೊಸ ಮುಳ್ಳು ಹಾಕಿ ಬಿಟ್ಟಾಗ, ಎರಡನೆಯ ಚರಣದಲ್ಲಿ ಟಿಕ್ ಟಿಕ್ ಬಂದಿತು. ಆಕೆ ನಗಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಇನ್ನೊಮ್ಮೆ ಎಂದು ಕೈಸನ್ನೆ ಮಾಡಿದರು. ಈಗ ತಿಂಗಳಿಗೊಂದು ಸಲ ಹೋಗುತ್ತೇನೆ. ಸೀಳಿನ ಮೇಲೆ ಮುಳ್ಳು ಓಡಿದಷ್ಟೂ ಸೀಳು ಬೆಳೆಯುತ್ತದೆ. ಇದನ್ನು ಅವರಿಗೆ ತಿಳಿಸಿದ್ದೇನೆ. “ನಂದೂ ಅಷ್ಟರಾಗೇ ಮುಗೀತದ, ಹಚ್ಚು,” ಎಂಬುದು ಅವರ ಉತ್ತರ.

ತಟ್ಟೆಗಳಿರುವ ಮನೆಯವರಿಗೆ ಎರಡು ಮಾತು. ನಮ್ಮ ವೈಶಾಖದ ಬಿಸಿಲು ಅರಗಿಗೆ ಶತ್ರು. ಗೋಡೆಗೆ ಒರಗಿಸಿ ಓರೆಯಾಗಿ ಇಟ್ಟ ತಟ್ಟೆ ಒಂದೇ ಬೇಸಗೆಗೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ನೆಟ್ಟಗೆ ನಿಲ್ಲಿಸಿ, ತಂಪಾದ ಕಡೆ ಇಡಿರಿ. ಸೊಟ್ಟಗಾದದ್ದನ್ನು ಎರಡು ಗಾಜಿನ ಹಲಗೆಗಳ ನಡುವೆ ಹದವಾದ ಬಿಸಿಲಿನಲ್ಲಿ ಇಟ್ಟು, ಮೆತ್ತಗಾದಾಗ ನೆರಳಿಗೆ ತಂದು ಮೇಲೊಂದು ಫರಸಿಯ ತುಂಡು ಹೇರಿದರೆ ಬಹುಮಟ್ಟಿಗೆ ನೇರವಾಗುತ್ತದೆ. ಸ್ಪಿರಿಟಿನಿಂದ ಮಾತ್ರ ಎಂದಿಗೂ ಒರೆಸಕೂಡದು. ಬಡಿಗರು ಮೇಜಿಗೆ ಮೆರುಗು ಕೊಡಲು ಅರಗನ್ನು ಕರಗಿಸುವುದು ಅದರಲ್ಲಿಯೇ. ಹಾಡೂ ಕರಗಿ ಬಟ್ಟೆಗೆ ಬರುತ್ತದೆ. ಹಿಂಡಿದ ಒದ್ದೆ ಬಟ್ಟೆ ಸಾಕು. ಉಕ್ಕಿನ ಮುಳ್ಳನ್ನು ಮಗ್ಗುಲಿಗೊಂದರಂತೆ ಬದಲಿಸಿರಿ. ಜಿಪುಣತನಕ್ಕೆ ಬೇರೆ ಜಾಗಗಳಿವೆ.

ಇನ್ನು ನನ್ನ ಸ್ವಂತ ಚಿಂತೆಯೊಂದುಂಟು. ಕಂಪನಿ ನಾಟಕಗಳು ಜೋರಾಗಿದ್ದ ಕಾಲದಲ್ಲಿ ಇಡೀ ನಾಟಕವನ್ನೇ ಹಲವು ತಟ್ಟೆಗಳ ಸೆಟ್ಟಾಗಿ ಮಾರುತ್ತಿದ್ದರು. ಚಿತ್ತಾಪುರದಲ್ಲಿ ನನಗೆ ದೊರೆತ ಒಂದು ಪೌರಾಣಿಕ ಸೆಟ್ಟಿನಲ್ಲಿ ಮೂರನೆಯ ತಟ್ಟೆಯಿಲ್ಲ. ಎರಡನೆಯದರ ಕೊನೆಯಲ್ಲಿ ನಾಯಕಿ ಕಾಡಿನಲ್ಲಿ ಒಂಟಿಯಾಗಿ ಅಳುತ್ತಾಳೆ; ನಾಲ್ಕನೆಯದರಲ್ಲಿ ಅರಮನೆಯ ಮಂಗಳಾರತಿ. ನಡುವೆ ಆಕೆಯನ್ನು ಕಾಡಿನಿಂದ ಕರೆತಂದವರು ಯಾರು? ಪುರಾಣ ಓದಿದರೆ ತಿಳಿಯುತ್ತದೆ, ನಿಜ; ಆದರೆ ಯಾವ ರಾಗದಲ್ಲಿ ಕರೆತಂದರೆಂಬುದು ಪುರಾಣದಲ್ಲಿಲ್ಲ. ಚಿಂಚೋಳಿಯ ಕಡೆ ಒಂದು ಮನೆಯ ಅಟ್ಟದಲ್ಲಿ ಅಂಥ ತಟ್ಟೆಗಳಿವೆಯೆಂದು ಮೊನ್ನೆ ವಿದ್ಯಾರ್ಥಿಯೊಬ್ಬ ಸುದ್ದಿ ತಂದಿದ್ದಾನೆ. ಮಳೆ ಬಿಡುವು ಕೊಟ್ಟರೆ ಈ ಭಾನುವಾರ ಬಸ್ಸು ಹಿಡಿಯಬೇಕು.