ಎಣ್ಣೆ ಊರಿನ ಗಡಿಯಾರಕ್ಕೆ ಎಣ್ಣೆ ಬಿಡಬೇಡಿ

ಮೊದಲನೇ ಫೋಟೋ ನೋಡಿ. ಮರದ ಪೆಟ್ಟಿಗೆ, ಗಾಜಿನ ಬಾಗಿಲು, ಡಯಲ್ ಮೇಲೆ ಎರಡು ತೂತು. ಇಂಥದ್ದು ಚಳ್ಳಕೆರೆಯ ಹಳೇ ಮನೆಗಳಲ್ಲಿ, ಮಂಡಿಗಳಲ್ಲಿ, ಮೊಳಕಾಲ್ಮೂರಿನ ನೇಕಾರರ ಪಡಸಾಲೆಯಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಇದೆ. ಕೇಳಿದರೆ ಒಂದೇ ಉತ್ತರ: "ಅದು ಸತ್ತೋಗೈತೆ ಬಿಡಣ್ಣ."

ಸತ್ತಿಲ್ಲ. ಬಹುತೇಕ ಗಡಿಯಾರಗಳು ನಿಂತಿರೋದು ಎರಡೇ ಕಾರಣಕ್ಕೆ. ಒಂದು, ಒಳಗೆ ಜಿಡ್ಡು ಕಟ್ಟಿದೆ. ಇನ್ನೊಂದು, ಸುಣ್ಣ ಬಳಿಯೋವಾಗ ಇಳಿಸಿ ವಾಪಸ್ ತಗುಲಿಸುವಾಗ ಸೊಟ್ಟ ಆಗಿದೆ. ಎರಡಕ್ಕೂ ಮದ್ದಿದೆ. ಆದರೆ ನಾವು ಮಾಡೋದೇನು? ಒಳಗಿನ ಹಿತ್ತಾಳೆ ಯಂತ್ರ ಕಿತ್ತು ಗುಜರಿಗೆ ಹಾಕ್ತೀವಿ, ಆ ಜಾಗಕ್ಕೆ ಅಂಗೈಗಿಂತ ಚಿಕ್ಕದೊಂದು ಪ್ಲಾಸ್ಟಿಕ್ ಸೆಲ್ ಮಷೀನ್ ಕೂರಿಸ್ತೀವಿ. ಆಮೇಲೂ ಪೆಂಡುಲಮ್ ಆಡ್ತಾನೇ ಇರುತ್ತೆ. ಅದಕ್ಕೂ ಟೈಮಿಗೂ ಯಾವ ಸಂಬಂಧವೂ ಇರಲ್ಲ, ಸುಮ್ಮನೆ ತೋರಿಕೆಗೆ. ಇದಕ್ಕಿಂತ ಗಡಿಯಾರ ನಿಂತೇ ಇರೋದು ವಾಸಿ ಅನ್ನೋದು ನನ್ನ ಅಭಿಪ್ರಾಯ. ನಿಂತದ್ದನ್ನ ಮುಂದೆ ಯಾರಾದರೂ ನಡೆಸಬಹುದು. ಕಿತ್ತು ತೂಕಕ್ಕೆ ಹಾಕಿದ ಯಂತ್ರವನ್ನ ಎಲ್ಲಿಂದ ತರ್ತೀರಿ?

(ಎರಡನೇ ಫೋಟೋ)

ಒಳಗೆ ಏನು ನಡೆಯುತ್ತೆ ಅಂತ ಒಮ್ಮೆ ಗೊತ್ತಾದರೆ ಕೀಳೋಕೆ ಮನಸ್ಸು ಬರಲ್ಲ. ಎರಡು ತೂತಲ್ಲಿ ಬಲಗಡೆಯದು ಸಾಮಾನ್ಯವಾಗಿ ಟೈಮಿನದ್ದು, ಎಡಗಡೆಯದು ಗಂಟೆ ಹೊಡೆಯೋದು. ಎರಡಕ್ಕೂ ಬೇರೆ ಬೇರೆ ಸ್ಪ್ರಿಂಗ್. ಕೀ ಕೊಟ್ಟಾಗ ಸ್ಪ್ರಿಂಗ್ ಸುತ್ತಿಕೊಳ್ಳುತ್ತೆ. ಅದು ತಟಕ್ಕನೆ ಬಿಚ್ಚಿಕೊಳ್ಳದ ಹಾಗೆ ಒಂದು ಹಲ್ಲಿನ ಚಕ್ರ, ಅದಕ್ಕೆ ಅಡ್ಡ ಬೀಳೋ ಒಂದು ಚಿಕ್ಕ ನಾಲಿಗೆ ಇರುತ್ತೆ. ಕೀ ತಿರುಗಿಸುವಾಗ ಕೇಳೋ ಕಟಕಟ ಶಬ್ದ ಅದರದ್ದೇ.

ಮೊಳಕಾಲ್ಮೂರಿನವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ನೇಯ್ದಷ್ಟು ಸೀರೆಯನ್ನ ಮಗ್ಗದ ಉರುಳೆಗೆ ಸುತ್ತುತ್ತೀರಲ್ಲ, ಅದು ಹಿಂದಕ್ಕೆ ಜಾರದ ಹಾಗೆ ಹಿಡಿದಿರೋದು ಇಂಥದ್ದೇ ಹಲ್ಲಿನ ಚಕ್ರ, ಇಂಥದ್ದೇ ತಡೆ. ಮಗ್ಗದಲ್ಲಿ ಅದು ಬಟ್ಟೆಯ ಬಿಗಿ ಕಾಯುತ್ತೆ, ಗಡಿಯಾರದಲ್ಲಿ ಸ್ಪ್ರಿಂಗಿನ ಬಿಗಿ ಕಾಯುತ್ತೆ.

ಆ ಬಿಗಿ ಚಕ್ರದಿಂದ ಚಕ್ರಕ್ಕೆ ದಾಟಿ ಕೊನೆಗೆ ಮೊನಚು ಹಲ್ಲಿನ ಚಕ್ರವೊಂದಕ್ಕೆ ಬರುತ್ತೆ. ಅದರ ಮೇಲೆ ಲಂಗರಿನ ಆಕಾರದ ತುಂಡೊಂದು ಕೂತಿರುತ್ತೆ. ಪೆಂಡುಲಮ್ ಒಂದು ಸಲ ಹೋಗಿ ಬಂದರೆ ಅದು ಒಂದೇ ಒಂದು ಹಲ್ಲನ್ನ ಮುಂದೆ ಬಿಡುತ್ತೆ. ಬಿಡುವಾಗ ಪೆಂಡುಲಮ್‌ಗೆ ಸಣ್ಣದೊಂದು ತಳ್ಳೂ ಸಿಗುತ್ತೆ. ಟಿಕ್ ಟಕ್ ಅನ್ನೋದು ಆ ಲಂಗರಿನ ಎರಡು ತುದಿ ಹಲ್ಲಿಗೆ ತಗುಲೋ ಸದ್ದು. ಇಷ್ಟೇ ವಿದ್ಯೆ. ಬಾಗಿಲು ತೆಗೆದು ಟಾರ್ಚ್ ಹಿಡಿದರೆ ಹತ್ತು ವರ್ಷದ ಹುಡುಗಿಗೂ ಅರ್ಥ ಆಗುತ್ತೆ. ನಿಮ್ಮ ಕೈಯಲ್ಲಿರೋ ಫೋನ್ ಇದಕ್ಕಿಂತ ಸಾವಿರ ಪಾಲು ಸರಿಯಾದ ಟೈಮ್ ತೋರಿಸುತ್ತೆ, ನಾನು ಅಲ್ಲಗಳೆಯಲ್ಲ. ಆದರೆ ಅದರೊಳಗೆ ಏನು ನಡೀತಿದೆ ಅಂತ ಮಗುವಿಗೆ ತೋರಿಸಿ ನೋಡೋಣ.

(ಮೂರನೇ ಫೋಟೋ)

ಈಗ ಎಣ್ಣೆ ವಿಷಯ. ನಮ್ಮದು ಶೇಂಗಾ ಎಣ್ಣೆ ಊರು. ಕಿರುಗುಟ್ಟೋ ಬಾಗಿಲಿಂದ ಹಿಡಿದು ತಲೆವರೆಗೆ ಎಲ್ಲಕ್ಕೂ ಎಣ್ಣೆನೇ ಮದ್ದು ಅಂತ ನಂಬಿದವರು ನಾವು. ಗಡಿಯಾರ ನಿಂತರೂ ಕೋಳಿಪುಕ್ಕದಲ್ಲಿ ನಾಲ್ಕು ಹನಿ ಬಿಡ್ತೀವಿ. ಬಿಟ್ಟ ದಿನ ಚೆನ್ನಾಗಿ ಓಡುತ್ತೆ, ಅದೇ ಮೋಸ. ಅಡುಗೆಮನೆಯ ಎಣ್ಣೆ ಡಬ್ಬಿಯ ಮುಚ್ಚಳದ ಸುತ್ತ ಬೆರಳಾಡಿಸಿ ನೋಡಿ, ಅಂಟಂಟು. ಅಡುಗೆ ಎಣ್ಣೆ ಗಾಳಿಗೆ ಬಿದ್ದು ಹಳೆಯದಾದರೆ ಆಗೋದೇ ಹಾಗೆ. ಕೊಬ್ಬರಿ ಎಣ್ಣೆ ಕತೆಯೂ ಬೇರೆಯಲ್ಲ, ಚಳಿಗಾಲದಲ್ಲಂತೂ ಹೆಪ್ಪುಗಟ್ಟುತ್ತೆ. ಅದರ ಮೇಲೆ ನಮ್ಮ ಬಯಲುಸೀಮೆ ಧೂಳು ಬೇರೆ. ಜಿಡ್ಡೂ ಧೂಳೂ ಸೇರಿ ಸಾಣೆ ಹಿಡಿದ ಹಾಗೆ ಅಕ್ಷದ ತುದಿಗಳನ್ನ, ಹಿತ್ತಾಳೆ ತಗಡಿನ ತೂತುಗಳನ್ನ ಸವೆಸುತ್ತವೆ.

ಇದಕ್ಕೆ ಗಡಿಯಾರದ ಎಣ್ಣೆ ಅಂತಲೇ ಬೇರೆ ಸಿಗುತ್ತೆ. ಅದನ್ನೂ ಸೂಜಿಮೊನೆಯಷ್ಟು, ಅಕ್ಷ ತಗಡಿಗೆ ತಾಗೋ ಕಡೆ ಬಿಡಬೇಕು. ಚಕ್ರದ ಹಲ್ಲಿಗೆ ಬೇಡ. ಆದರೆ ಹಳೇ ಜಿಡ್ಡಿನ ಮೇಲೆ ಹೊಸ ಎಣ್ಣೆ ಬಿಟ್ಟರೂ ಪ್ರಯೋಜನವಿಲ್ಲ, ಮೊದಲು ಯಂತ್ರ ಬಿಚ್ಚಿ ತೊಳೆಯಬೇಕು. ಅದನ್ನ ನೀವು ಮಾಡೋಕೆ ಹೋಗಬೇಡಿ. ಸುತ್ತಿದ ಸ್ಪ್ರಿಂಗ್ ಇರುವಾಗ ತಗಡು ಬಿಚ್ಚಿದರೆ ಬೆರಳು ಹೋಗುತ್ತೆ. ತಿಳಿದವರು ಮೊದಲು ಸ್ಪ್ರಿಂಗಿನ ಬಿಗಿ ಇಳಿಸಿಕೊಂಡೇ ಸ್ಕ್ರೂ ಮುಟ್ಟೋದು.

ಅಂದಹಾಗೆ, "ಜಾಸ್ತಿ ಕೀ ಕೊಟ್ಟು ಕೆಡ್ತು" ಅನ್ನೋ ಮಾತು. ಪೂರ್ತಿ ಕೀ ಕೊಟ್ಟ ಮೇಲೂ ನಡೀತಿಲ್ಲ ಅಂದ್ರೆ ತಪ್ಪು ಕೀದಲ್ಲ, ಜಿಡ್ಡಿನದು. ಎಷ್ಟೋ ಮನೇಲಿ ಇದೊಂದು ಮಾತಿಗೆ ಮಕ್ಕಳು ಏಟು ತಿಂದಿದ್ದಾರೆ, ಪಾಪ.

(ನಾಲ್ಕನೇ ಫೋಟೋ, ಮಾಡಿ ನೋಡೋರಿಗೆ)

ಮೊದಲು ಕಿವಿ ಕೊಡಿ. ಟಿಕ್... ಟಕ್... ಸಮವಾಗಿ ಬರಬೇಕು. ಟಿಕ್‌ಟಕ್... ಟಿಕ್‌ಟಕ್... ಅಂತ ಕುಂಟಿದರೆ ಪೆಟ್ಟಿಗೆಯ ಕೆಳತುದಿಯನ್ನ ಒಂಚೂರು ಎಡಕ್ಕೋ ಬಲಕ್ಕೋ ಸರಿಸಿ. ಸಮ ಆದ ಜಾಗದಲ್ಲಿ ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆದಿಡಿ. ಕಣ್ಣಿಗೆ ಸೊಟ್ಟ ಕಂಡರೂ ಪರವಾಗಿಲ್ಲ, ಇಲ್ಲಿ ಕಿವಿ ಹೇಳಿದ್ದೇ ಸರಿ.

ಟೈಮ್ ಇಡುವಾಗ ದೊಡ್ಡ ಮುಳ್ಳನ್ನ ಮುಂದಕ್ಕೇ ತಿರುಗಿಸಿ. ಪ್ರತಿ ಗಂಟೆಗೂ, ಅರ್ಧಕ್ಕೆ ಹೊಡೆಯೋದಾದರೆ ಅಲ್ಲೂ, ನಿಲ್ಲಿಸಿ ಹೊಡೆದು ಮುಗಿಸೋಕೆ ಬಿಡಿ. ದಿನಕ್ಕೆ 180 ಸಲ ಹೊಡೆಯೋ ಪ್ರಾಣಿ ಅದು, ಅವಸರ ಮಾಡಬೇಡಿ. ಐದು ಗಂಟೆಗೆ ನಾಲ್ಕು ಹೊಡೀತಿದ್ದರೆ? ಚಿಕ್ಕ ಮುಳ್ಳು ಬರೀ ಬಿಗಿಯಾಗಿ ಸಿಕ್ಕಿಸಿದ್ದಷ್ಟೇ. ಅದನ್ನ ಮೆಲ್ಲಗೆ ನಾಲ್ಕಕ್ಕೆ ತಂದು, ಆಮೇಲೆ ದೊಡ್ಡ ಮುಳ್ಳಿಂದ ಟೈಮ್ ಸರಿ ಮಾಡಿ.

ಓಟ ಹೆಚ್ಚುಕಮ್ಮಿ ಇದ್ದರೆ ಮುಳ್ಳನ್ನ ದಿನಾ ತಳ್ಳಿ ಉಪಯೋಗವಿಲ್ಲ. ಪೆಂಡುಲಮ್ ಗುಂಡಿನ ಕೆಳಗೆ ಒಂದು ತಿರುಪು ಇದೆ. ಗುಂಡು ಮೇಲೇರಿಸಿದರೆ ಬೇಗ ಓಡುತ್ತೆ, ಇಳಿಸಿದರೆ ನಿಧಾನ. ಹೋಗಿ ಬರೋಕೆ ಒಂದು ಸೆಕೆಂಡು ತಗೊಳ್ಳೋ ಪೆಂಡುಲಮ್ ಸುಮಾರು 25 ಸೆಂ.ಮೀ. ಉದ್ದ. ಅದನ್ನ ಒಂದೇ ಮಿಲಿಮೀಟರ್ ಇಳಿಸಿದರೆ ದಿನಕ್ಕೆ ಮೂರು ನಿಮಿಷದ ಹತ್ತಿರ ಹಿಂದೆ ಬೀಳುತ್ತೆ! ಹಾಗಾಗಿ ಕಾಲು ಸುತ್ತು ತಿರುಗಿಸಿ, ಒಂದು ದಿನ ಕಾಯಿರಿ. ನಮ್ಮ ಬಿಸಿಲಿಗೂ ಇದರಲ್ಲಿ ಪಾಲಿದೆ. ಪೆಂಡುಲಮ್ ಕಡ್ಡಿ ಹಿತ್ತಾಳೆಯದಾದರೆ, ಚಳಿಗಾಲಕ್ಕಿಂತ ಬೇಸಿಗೆಯಲ್ಲಿ 20 ಡಿಗ್ರಿ ಹೆಚ್ಚಿದ್ದಾಗ ಅದು ಹಿಗ್ಗಿ ದಿನಕ್ಕೆ ಸುಮಾರು 16 ಸೆಕೆಂಡು, ಅಂದ್ರೆ ವಾರಕ್ಕೆ ಎರಡು ನಿಮಿಷದಷ್ಟು ಹಿಂದೆ ಬೀಳುತ್ತೆ. ಕೆಟ್ಟಿದೆ ಅಂದ್ಕೋಬೇಡಿ.

ಕೀ ಕೊಡೋಕೆ ನಿಮ್ಮೂರ ಸಂತೆ ದಿನ ಇಟ್ಕೊಳ್ಳಿ. ಇವು ಎಂಟು ದಿನದ ಗಡಿಯಾರಗಳು. ವಾರಕ್ಕೊಮ್ಮೆ ಕೀ, ಮರೆತರೆ ಒಂದು ದಿನ ಹೆಚ್ಚುವರಿ. ಮಾಡಿದವರಿಗೆ ಮನುಷ್ಯರ ಗುಣ ಗೊತ್ತಿತ್ತು.

ಇನ್ನು ಟೈಮ್ ಯಾವುದು ಸರಿ ಅನ್ನೋ ತರಲೆ ಪ್ರಶ್ನೆ. ಭಾರತಕ್ಕೆಲ್ಲ ಒಂದೇ ಸಮಯ ಅಂತ ಶುರುವಾಗಿದ್ದು 1906ರ ಜನವರಿ 1ರಿಂದ. ಅದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕ. ಚಳ್ಳಕೆರೆ ಇರೋದು 76.65ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಸೂರ್ಯ ಸುಮಾರು 23 ನಿಮಿಷ ತಡ. ಗಡಿಯಾರ ಹನ್ನೆರಡು ಹೊಡೆದಾಗ ನೆರಳು ಇನ್ನೂ ಮಧ್ಯಾಹ್ನಕ್ಕೆ ಬಂದಿರಲ್ಲ. ಫೆಬ್ರವರಿಯಲ್ಲಂತೂ 12.37ರವರೆಗೆ ಕಾಯಬೇಕು. ಮೊಳಕಾಲ್ಮೂರಿನವರು ಖುಷಿಪಡಿ, ನಿಮಗೆ ಮಧ್ಯಾಹ್ನ ನಮಗಿಂತ 20 ಸೆಕೆಂಡಿನಷ್ಟು ಮುಂಚೆ!

(ಕೊನೇ ಫೋಟೋ)

ಈಗ ಜಗಳದ ವಿಷಯ. 2023ರ ಏಪ್ರಿಲ್ 2ರಂದು ನಮ್ಮ ಚಳ್ಳಕೆರೆ ಸೀಮೆಯ ಪರೀಕ್ಷಾ ವಲಯದಲ್ಲೇ ಇಸ್ರೋದ ರೆಕ್ಕೆಯ ನೌಕೆ ತಾನಾಗೇ ಬಂದು ರನ್‌ವೇ ಮೇಲೆ ಇಳಿಯಿತು. ಹೆಮ್ಮೆ ಇದೆ. ಅದೇ ಸೀಮೆಯಲ್ಲಿ ಗೋಡೆ ಗಡಿಯಾರ ಬಿಚ್ಚಿ ತೊಳೆದು ಕೂಡಿಸೋ ಕೈಗಳು ಎಷ್ಟು ಉಳಿದಿವೆ? ಮೊದಲು ಎಚ್‌ಎಂಟಿ ವಾಚುಗಳಾದರೂ ರಿಪೇರಿಯವರ ಹೊಟ್ಟೆ ತುಂಬಿಸ್ತಿದ್ದವು. 2016ರಲ್ಲಿ ಆ ವಾಚ್ ಕಂಪನಿ ಮುಚ್ಚೋಕೆ ಸರ್ಕಾರವೇ ಒಪ್ಪಿಗೆ ಕೊಟ್ಟಾಯ್ತು. ಈಗ ಅವರ ಮೇಜಿಗೆ ಬರೋದು ಬರೀ ಸೆಲ್ ಬದಲಾಯಿಸೋ ಕೆಲಸ.

ಅವರು ಇಲ್ಲದಾಗೋದಕ್ಕೆ ಸೆಲ್ ಗಡಿಯಾರ ಒಂದೇ ಕಾರಣ ಅಂತ ನಾನು ಒಪ್ಪಲ್ಲ. ನಮ್ಮ ಚೌಕಾಸಿಯೂ ಕಾರಣ. ಯಂತ್ರ ಬಿಚ್ಚಿ, ಒಂದೊಂದು ಚಕ್ರ ಉಜ್ಜಿ, ಸವೆದ ತೂತಿಗೆ ಹೊಸ ಹಿತ್ತಾಳೆ ಬಳೆ ಕೂರಿಸಿ, ಜೋಡಿಸಿ, ವಾರ ಓಡಿಸಿ ನೋಡೋದು ದಿನಗಟ್ಟಲೆ ಕೆಲಸ. ಅದಕ್ಕೆ "ನೂರು ರೂಪಾಯಿ ಜಾಸ್ತಿ ಆಯ್ತಲ್ಲ" ಅಂತೀವಿ. ಬೈಕ್ ಸರ್ವಿಸ್‌ಗೆ ಸಾವಿರ ಕೊಡುವಾಗ ಬಾಯಿ ಬಿಡಲ್ಲ. ಕೇಳಿದಷ್ಟು ಕೊಡಿ. ಜತೆಗೆ ನಿಮ್ಮ ಮನೆ ಹುಡುಗರನ್ನ ಅವರ ಮೇಜಿನ ಪಕ್ಕ ಒಂದರ್ಧ ಗಂಟೆ ಕೂರಿಸಿ.

ರಾತ್ರಿ ಹನ್ನೆರಡು ಹೊಡೆದರೆ ನಿದ್ದೆ ಹಾಳು ಅನ್ನೋರಿಗೆ ಉಪಾಯ ಇದೆ: ಎಡಗಡೆ ತೂತಿಗೆ ಕೀ ಕೊಡಬೇಡಿ. ಗಂಟೆ ಸುಮ್ಮನಾಗುತ್ತೆ, ಟೈಮ್ ನಡೀತಿರುತ್ತೆ.

ನಿಮ್ಮ ಮನೆಯದು ಎಷ್ಟು ಗಂಟೆಗೆ ನಿಂತಿದೆ? ಡಯಲ್ ಮೇಲೆ ಏನು ಹೆಸರಿದೆ, ಸೈಕೋಶಾನಾ, ಅನ್ಸೋನಿಯಾನಾ, ನಕ್ಷತ್ರದೊಳಗೆ ಜೆ ಅಕ್ಷರ ಇರೋ ಯುಂಗ್‌ಹಾನ್ಸಾ? ಫೋಟೋ ಹಾಕಿ. ಕೀ ಕಳೆದಿದ್ದರೆ ಅದನ್ನೂ ಹೇಳಿ, ತೂತಿನ ಅಳತೆ ಕೊಟ್ಟರೆ ಹೊಸ ಕೀ ಸಿಗುತ್ತೆ.

#ಚಳ್ಳಕೆರೆ #ಮೊಳಕಾಲ್ಮೂರು #ಹಳೇಗಡಿಯಾರ